ಇಪ್ಪತ್ತು–ಐವತ್ತರ ಎಣ್ಣೆ ಮತ್ತು ನೋರೀನಳ ಸ್ಪಂಜ್ ಕೇಕು

ಹೆಂಡತಿಯ ಮಾತು ಕೇಳಬೇಕು, ಒಪ್ಪುತ್ತೇನೆ. ಆದರೆ ಕಾರಿನ ಎಂಜಿನ್ ಎಣ್ಣೆಯ ವಿಷಯದಲ್ಲೂ ಕೇಳಬೇಕೆ? ಮೂವತ್ತು ವರ್ಷ ಲಾಂಗ್‌ರೀಚಿನ ಕೆಂಡದಂಥ ಬಿಸಿಲಲ್ಲಿ ಕಾರು ಓಡಿಸಿದವನು ನಾನು. ಅಲ್ಲಿ ಗಂಡಸಾದವನು ಹಾಕುವುದು ಒಂದೇ ಎಣ್ಣೆ, ಇಪ್ಪತ್ತು–ಐವತ್ತು. ದಪ್ಪನೆಯ, ಗಂಭೀರವಾದ, ಮಾನವಂತ ಎಣ್ಣೆ. ನಿವೃತ್ತನಾಗಿ ಹೆಂಡತಿಯ ತವರು ಕೂಮಾಕ್ಕೆ ಬಂದ ಮೇಲೂ ನಾನು ಕುಲಧರ್ಮ ಬಿಡಲಿಲ್ಲ. (ಇಲ್ಲಿ ಜುಲೈ ಎಂದರೆ ನಡುಚಳಿಗಾಲ, ಕೂಮಾದ ನಲ್ಲಿಯ ನೀರು ಕಲ್ಲಾಗುತ್ತದೆ ಎಂಬುದು ಬೇರೆ ಮಾತು.)

"ಡೆಸ್, ಕಾರಿನ ಪುಸ್ತಕದಲ್ಲಿ ಐದು–ಮೂವತ್ತು ಅಂತಿದೆ. ಮೊದಲ್ನೇ ಅಂಕಿ ಚಳೀದಂತೆ. ಅದು ಸಣ್ಣದಿದ್ದಷ್ಟೂ ಎಣ್ಣೆ ಚಳೀಲಿ ಸಲೀಸಾಗಿ ಹರಿಯುತ್ತೆ" ಎಂದಳು ನೋರೀನ್.

"ಪುಸ್ತಕ ಬರೆದೋನು ಲಾಂಗ್‌ರೀಚ್ ನೋಡಿದಾನಾ?"

"ನೀನು ಕೂಮಾ ನೋಡಿದೀಯಾ? ಕಿಟಕಿ ಆಚೆ ನೋಡು ಮಹರಾಯ!"

ನಾನು ನೋಡಲಿಲ್ಲ. ನಾಲ್ಕು ಲೀಟರ್ ಸುರಿದೇಬಿಟ್ಟೆ.

ಶನಿವಾರ ಮಹಿಳಾ ಸಂಘದ ಸ್ಪಂಜ್ ಕೇಕಿನ ಸ್ಪರ್ಧೆ. ಆರು ಸಲ ಗೆದ್ದವಳು ನೋರೀನಳ ಅಕ್ಕ ಥೆಲ್ಮಾ. "ನಮ್ಮ ನೋರೀನ್ ಕೈಲಿ ಕೇಕು ಉಬ್ಬಲ್ಲ ಬಿಡಿ" ಎಂದು ಊರೆಲ್ಲ ಸಾರಿದವಳೂ ಅವಳೇ. ಈ ಸಲ ನೋರೀನ್ ಹದಿನಾಲ್ಕು ಕೇಕು ಕೆಡಿಸಿ, ಹದಿನೈದನೆಯದನ್ನು ಗೋಪುರದಂತೆ ಎಬ್ಬಿಸಿದ್ದಳು. ಒಂಬತ್ತಕ್ಕೆ ಸರಿಯಾಗಿ ಬಾಗಿಲು ಹಾಕುತ್ತಾರೆ. ಸಂಘಕ್ಕೆ ಹನ್ನೆರಡು ಕಿಲೋಮೀಟರ್.

ಏಳಕ್ಕೆ ಬೀಗದ ಕೈ ತಿರುಗಿಸಿದೆ. "ಊಂ… ಊಂ…" ಎಂದು ನರಳಿದ ಕಾರು ಮೌನ ವ್ರತ ಹಿಡಿಯಿತು. ಹೊರಗೆ ಸೊನ್ನೆಗಿಂತ ಎಂಟು ಡಿಗ್ರಿ ಕೆಳಗೆ. ನನಗೆ ಮಾತ್ರ ಬೆವರು.

"ಏನಾಯ್ತು?" ಕೋಣೆಯಿಂದ ತಲೆ ಬಾಚಿಕೊಳ್ಳುತ್ತಾ ಕೂಗಿದಳು.

"ಏನಿಲ್ಲ ಕಣೇ, ಬಿಸಿ ಮಾಡ್ತಿದೀನಿ!"

ಸುಳ್ಳಲ್ಲ. ಚಳಿಸೀಮೆಯ ಹಳೇ ಲಾರಿಯವರು ಎಣ್ಣೆಯನ್ನು ಇಳಿಸಿ ಒಲೆಯ ಮೇಲೆ ಕಾಯಿಸುತ್ತಿದ್ದರಂತೆ. ಕಾರಿನಡಿ ಮಲಗಿ ತಿರುಪು ಬಿಚ್ಚಿದೆ. ಎಣ್ಣೆ ಇಳಿಯುವುದೋ ಬೇಡವೋ ಎಂದು ಯೋಚಿಸುತ್ತಾ ಇಳಿಯಿತು. ಏಳೂವರೆ, ಏಳು ಮುಕ್ಕಾಲು, ಎಂಟು! ಪಾತ್ರೆ ಹೊತ್ತು ಅಡುಗೆಮನೆಗೆ ಓಡಿದೆ, ಚಳಿ ನುಗ್ಗದಂತೆ ಕಿಟಕಿ ಬಾಗಿಲು ಭದ್ರವಾಗಿ ಮುಚ್ಚಿದೆ, ಒಲೆ ಹಚ್ಚಿದೆ. ಪಕ್ಕದಲ್ಲೇ ಕೇಕು ತೆರೆದ ಮೈಯಲ್ಲಿ ಆರುತ್ತಿತ್ತು.

ಎಂಟೂವರೆಗೆ ಬಿಸಿ ಎಣ್ಣೆ ಕುಡಿದ ಕಾರು ಹುಲಿಯಂತೆ ಗರ್ಜಿಸಿತು.

"ಅದೇನೋ ವಾಸನೆ ಬರ್ತಿದೆಯಲ್ಲ?" ದಾರಿಯಲ್ಲಿ ನೋರೀನ್ ಮೂಗರಳಿಸಿದಳು.

"ನನ್ನ ಕೈ ವಾಸನೆ. ನೀನು ಕೇಕು ಗಟ್ಟಿಯಾಗಿ ಹಿಡ್ಕೋ!"

ಎಂಟು ಐವತ್ತೇಳಕ್ಕೆ ಕೇಕು ಮೇಜು ಸೇರಿತು. ನೋರೀನ್ ಎಲ್ಲರೆದುರೇ ನನ್ನ ಕೆನ್ನೆಗೆ ಮುತ್ತಿಟ್ಟಳು.

ತೀರ್ಪುಗಾರ್ತಿ ಪ್ರಾಟನ್ ಅಜ್ಜಿ, ಹೆದ್ದಾರಿಯಲ್ಲಿ ನಲವತ್ತು ವರ್ಷ ಪೆಟ್ರೋಲ್ ಬಂಕ್ ನಡೆಸಿದಾಕೆ. ಕೇಕಿನ ಚೂರು ಬಾಯಿಗಿಟ್ಟು ಕಣ್ಣು ಮುಚ್ಚಿದರು. ಮೂಸಿದರು. ಇನ್ನೊಮ್ಮೆ ಮೂಸಿದರು. ಗೋಡೆಗೊರಗಿ ನಿಂತ ಗಂಡಂದಿರನ್ನು ಒಬ್ಬೊಬ್ಬರನ್ನಾಗಿ ನೋಡಿ, ನನ್ನ ಮೇಲೆ ದೃಷ್ಟಿ ನಿಲ್ಲಿಸಿ, ಚೀಟಿ ಬರೆದು ಕೇಕಿಗೆ ಚುಚ್ಚಿದರು. ಥೆಲ್ಮಾ ಅದನ್ನು ಗಟ್ಟಿಯಾಗಿ ಓದಿದಳು:

"ಕೇಕು ಹತ್ತಿಯಷ್ಟು ಹಗುರ, ಮೊದಲ ಬಹುಮಾನ ಸಿಗಬೇಕಿತ್ತು. ಎಣ್ಣೆ ಇಪ್ಪತ್ತು–ಐವತ್ತು ಇರಬೇಕು. ಈ ಊರಿನ ಚಳಿಗೆ ತೀರಾ ದಪ್ಪ."

ವಾಪಸು ಹೊರಟಾಗ ಕಾರು ಮೊದಲ ಸಲಕ್ಕೇ ಶುರುವಾಯಿತು. ನೋರೀನ್ ಥೆಲ್ಮಾಳ ಕಾರು ಹತ್ತಿ ಹೋದಳು.