ಮಾವನವರ ಪ್ಲಗ್ ಪಾಯಿಂಟ್

ಕೆಟ್ಟ ಪ್ಲಗ್ ಪಾಯಿಂಟ್ ಸರಿಮಾಡುವುದು ಗಂಡಸರ ಕೆಲಸವೆಂದು ನಾನು ಎಂದೂ ಒಪ್ಪಿದವಳಲ್ಲ. ಕಾನ್ವೆಂಟಿನಲ್ಲಿ ವಿಜ್ಞಾನಕ್ಕೆ ಮೊದಲ ಬಹುಮಾನವಾಗಿ ಸೋಪಿನ ಡಬ್ಬಿ ಪಡೆದವಳು ನಾನು! ಕರೆಂಟಿನ ಹತ್ತಿರ ಹೋಗುವಾಗ ರಬ್ಬರ್ ಚಪ್ಪಲಿ ಹಾಕಿಕೊಂಡಿರಬೇಕೆಂದು ಸಿಸ್ಟರ್ ಕಲಿಸಿದ್ದನ್ನು ಮದುವೆಯಾಗಿ ಹೊಳಲ್ಕೆರೆಗೆ ಬಂದ ಮೇಲೂ ಮರೆತಿರಲಿಲ್ಲ. ಮರೆತಿದ್ದರೆ ಚೆನ್ನಾಗಿತ್ತು.

ನಮ್ಮ ನಡುಮನೆಯಲ್ಲಿ ಕಬ್ಬಿಣದ ಮುಚ್ಚಳದ ಒಂದು ಹಳೆಯ ಪ್ಲಗ್ ಪಾಯಿಂಟ್ ಇತ್ತು. ಅದು ಮಾವನವರ ರೇಡಿಯೋಗೆ ಮೀಸಲು. ದಿನವೂ ಪಕ್ಕದಲ್ಲಿ ಕುರ್ಚಿ ಹಾಕಿಕೊಂಡು, ಗೋಡೆಗೆ ತಲೆಯಾನಿಸಿ ವಾರ್ತೆ ಕೇಳುತ್ತಿದ್ದರು. ಅವರು ತೀರಿಕೊಂಡು ಏಳು ತಿಂಗಳಾದರೂ ಗೋಡೆಯ ಮೇಲೆ ಅವರ ತಲೆಯೆಣ್ಣೆಯ ದುಂಡನೆಯ ಕಲೆ ಉಳಿದಿತ್ತು. ಎರಡು ಸಲ ಸುಣ್ಣ ಬಳಿಸಿದೆವು. ಎರಡು ಸಲವೂ ಅದು ಮೆಲ್ಲಗೆ ಮೇಲೆದ್ದು ಬಂತು.

ಆ ಚಳಿಗಾಲದಲ್ಲಿ ನಾನು ರೇಡಿಯೋವನ್ನು ಅಟ್ಟಕ್ಕೇರಿಸಿ, ಪ್ಲಗ್ ಪಾಯಿಂಟಿನ ಪಕ್ಕ ಮೇಜು ಹಾಕಿ, ಹೊಸ ಇಸ್ತ್ರಿ ಪೆಟ್ಟಿಗೆ ಇಟ್ಟೆ. ಮೇಜಿಗೆ ಹಾಸಲು ಅತ್ತೆಯವರೇ ಟ್ರಂಕಿನಿಂದ ಕರಿ ಕಂಬಳಿಯೊಂದನ್ನು ತೆಗೆದುಕೊಟ್ಟರು. ಹೊಸ ನೈಲಾನ್ ಸೀರೆಯುಟ್ಟು, ಕಾಲಿಗೆ ರಬ್ಬರ್ ಚಪ್ಪಲಿ ಮೆಟ್ಟಿ, ಕಂಬಳಿಗೆ ಒರಗಿ ನಿಂತು ಮನೆಯವರ ಶರ್ಟಿಗೆ ಇಸ್ತ್ರಿ ಹಾಕಿದೆ. ಮುಗಿಸಿ ಸ್ವಿಚ್ ಆರಿಸಲು ಕೈ ಚಾಚಿದೆ.

ಚಟ್! ಬೆರಳ ತುದಿಯಿಂದ ಮುಚ್ಚಳಕ್ಕೆ ನೀಲಿ ಕಿಡಿ ಹಾರಿತು.

ನನ್ನ ಕೂಗಿಗೆ ಅತ್ತೆ ಬಂದರು. ಬರಿಗಾಲು, ನೂಲಿನ ಸೀರೆ. ಕರುವಿನ ಮೈ ಸವರುವಂತೆ ಮುಚ್ಚಳವನ್ನು ಸವರಿದರು.

"ನನಗೇನೂ ಆಗ್ಲಿಲ್ಲವಲ್ಲೇ!"

ಮಾರನೆಯ ದಿನ ಮತ್ತೆ ಇಸ್ತ್ರಿ, ಮತ್ತೆ ಚಟ್. ಮತ್ತೆ ಅತ್ತೆ ಮುಟ್ಟಿದರು. ತಣ್ಣಗಿತ್ತು! ಅವರು ಎಣ್ಣೆಯ ಕಲೆಯನ್ನು ದಿಟ್ಟಿಸಿ ದನಿ ತಗ್ಗಿಸಿದರು. "ರೇಡಿಯೋ ತೆಗೀಬ್ಯಾಡ ಅಂದಿದ್ದೆ. ಅವ್ರಿಗೆ ನಿನ್ ಮ್ಯಾಲೆ ಸಿಟ್ಟು ಬಂದೈತೆ."

ಮನೆಯವರು ಒಂದು ಟೆಸ್ಟರ್ ತಂದುಕೊಟ್ಟು, "ಭಾನುವಾರ ನೋಡಾಣ ಬಿಡು" ಎಂದು ಆಫೀಸಿಗೆ ನಡೆದರು. ಅತ್ತೆ ಭಾನುವಾರಕ್ಕೆ ಕಾಯಲಿಲ್ಲ. ಬ್ಯಾಗಿಗೆ ಸೀರೆ ತುಂಬಿದರು.

"ಸಂಜೆ ಗಾಡಿಗೆ ರಾಮಗಿರಿಗೆ ಹೋಗ್ತೀನಿ, ಮಗಳ ಮನೆಗೆ. ಅವ್ರು ಮುನಿಸ್ಕಂಡಿರೋ ಮನೇಲಿ ನನಗೆ ಅನ್ನ ಇಳಿಯಲ್ಲ."

ಮಾವ ಸತ್ತ ವರ್ಷದೊಳಗೇ ಅತ್ತೆಯನ್ನು ಓಡಿಸಿದ ಸೊಸೆ ಎಂದು ಬೀದಿಯೆಲ್ಲ ಮಾತಾಡುತ್ತದೆ. ಅದು ಹೋಗಲಿ. ನನ್ನನ್ನು "ಮಗಾ" ಎಂದೇ ಕರೆಯುತ್ತಿದ್ದ ಮಾವನವರಿಗೆ ನನ್ನ ಮೇಲೆ ಸಿಟ್ಟೇ? ಗಾಡಿ ಬರುವುದರೊಳಗೆ ಅದು ವೈರಿನ ದೋಷವೆಂದು ತೋರಿಸಲೇಬೇಕಿತ್ತು.

ಮಧ್ಯಾಹ್ನ ಮೂರು ಗಂಟೆ. ಒಣಗಾಳಿಗೆ ದೂಳು ಬರುತ್ತದೆಂದು ಕಿಟಕಿಗಳನ್ನೆಲ್ಲ ಮುಚ್ಚಿದ್ದೆವು. ಹಗಲಲ್ಲೇ ಮಬ್ಬು. ಮೇನ್ ಸ್ವಿಚ್ ಆರಿಸಿ, ಎರಡು ಫ್ಯೂಸ್ ಕಿತ್ತು ಅತ್ತೆಯ ಮಡಿಲಿಗೆ ಹಾಕಿ, "ಈ ಕ್ಷಣದಿಂದ ಈ ಮನೆಯಲ್ಲಿ ಕರೆಂಟು ಲವಲೇಶವೂ ಇರುವುದಿಲ್ಲ" ಎಂದು ಘೋಷಿಸಿದೆ. ಮುಚ್ಚಳ ಬಿಚ್ಚಿದೆ. ಕೆಂಪು, ಕಪ್ಪು, ಹಸಿರು ವೈರುಗಳನ್ನು ಕಳಚಿ, ಒರೆಸಿ, ಮತ್ತೆ ಸಿಕ್ಕಿಸಿದೆ. ಮುಚ್ಚಳ ಹಾಕಿದಾಗ ಒಂದು ತಿರುಪು ಮಿಕ್ಕಿತು. ಗಮನಿಸದವಳಂತೆ ಸೆರಗಿನ ತುದಿಗೆ ಕಟ್ಟಿಕೊಂಡೆ.

ಮೇಜಿನ ಮೇಲೆ ಬಿದ್ದ ಸುಣ್ಣದ ಪುಡಿ ಹೋಗಲೆಂದು ಕಂಬಳಿಯನ್ನು ಕೊಡವಿ ಎದೆಗವಚಿಕೊಂಡೆ. ಎಲ್ಲೋ ಚಿಟಿಚಿಟಿ ಸದ್ದಾಯಿತು. ಒಣಗಿದ ಎಲೆಗಳ ಮೇಲೆ ಯಾರೋ ಬರಿಗಾಲಲ್ಲಿ ಬಂದ ಹಾಗೆ. ನಿಂತೆ. ಸದ್ದೂ ನಿಂತಿತು.

ಟೆಸ್ಟರಿನ ಹಿಂಬದಿಗೆ ಬೆರಳಿಟ್ಟು, ತುದಿಯನ್ನು ಮುಚ್ಚಳಕ್ಕೆ ತಾಗಿಸಿದೆ. ಅದರ ಪುಟ್ಟ ದೀಪ ಕೆಂಪಗೆ ಒಮ್ಮೆ ಕಣ್ಣು ತೆರೆದು ಮುಚ್ಚಿತು.

"ಅತ್ತೆ... ಫ್ಯೂಸು?"

"ಇಲ್ಲೇ ಅವೆ."

"ಎರಡೂ?"

"ಎರಡೂ."

ನನ್ನ ಕೈಯಿಂದ ಟೆಸ್ಟರ್ ಜಾರಿತು. ಕಂಬಳಿಯನ್ನು ಇನ್ನಷ್ಟು ಅವಚಿಕೊಂಡು ಕೊನೆಯ ಧೈರ್ಯಕ್ಕೆ ಬೆರಳು ತಾಗಿಸಿದೆ. ಚಟ್! ಆಮೇಲೆ ವಿಜ್ಞಾನದ ಬಹುಮಾನಿತೆಯ ಬಾಯಿಂದ ಕಾನ್ವೆಂಟಿನ ಪ್ರಾರ್ಥನೆ ಅರ್ಧ, ಗೋವಿಂದ ಗೋವಿಂದ ಅರ್ಧ ಹೊರಟಿತು. "ಮಾವ, ತಪ್ಪಾಯ್ತು" ಎಂದು ಗೋಡೆಗೆ ಕೈಮುಗಿದೆ.

ಅಷ್ಟರಲ್ಲಿ ಬಾಗಿಲು ದಬದಬ ಬಡಿದ ಸದ್ದು! ಅತ್ತೆ ನನ್ನ ತೋಳು ಹಿಡಿದರು, ನಾನು ಅತ್ತೆಯ ತೋಳು ಹಿಡಿದೆ. ಇಬ್ಬರೂ ಒಬ್ಬರನ್ನೊಬ್ಬರು ಮುಂದಕ್ಕೆ ತಳ್ಳುತ್ತ ಹೋಗಿ ಬಾಗಿಲು ತೆಗೆದೆವು.

ಬಿ.ದುರ್ಗದಿಂದ ಬೆಣ್ಣೆ ತರುವ ಮಲ್ಲಕ್ಕ! ಅವರದು ಕುರಿ ಸಾಕುವ ಮನೆತನ.

"ಯಾಕ್ರಮ್ಮಾ, ಹಗಲೊತ್ನಾಗೇ ಬಾಗ್ಲು ಹಾಕ್ಕಂಡು ಕುಂತೀರಿ? ದೆವ್ವ ಕಂಡೋರಂಗೆ ಬೆವ್ರೀರಿ!"

ಹೇಳಿದೆವು. ಆಕೆ ನನ್ನ ಸೀರೆ ನೋಡಿದಳು, ಚಪ್ಪಲಿ ನೋಡಿದಳು, ಕಂಬಳಿ ನೋಡಿದಳು. ಕಂಬಳಿ ಕಸಿದುಕೊಂಡು ನನ್ನ ಸೀರೆಗೆ ಬರಬರನೆ ಉಜ್ಜಿದಳು. ಮಬ್ಬಿನಲ್ಲಿ ನೀಲಿ ಕಿಡಿಗಳು ಚಿಟಿಚಿಟಿ ಎಂದವು.

"ಈಗ ಕಿಟಕಿ ಸರಳು ಮುಟ್ರಿ."

ಚಟ್! ಸರಳಿಗೆ ಯಾವ ವೈರೂ ಇರಲಿಲ್ಲ.

"ಚಪ್ಲಿ ಬಿಡ್ರಿ." ಕಂಬಳಿಯಿಂದ ಮತ್ತೆ ಬರಬರನೆ ಉಜ್ಜಿದಳು. "ಈಗ ಮುಟ್ರಿ."

ಏನೂ ಆಗಲಿಲ್ಲ.

"ಚಳಿಗಾಲ್ದಾಗೆ ಕಂಬ್ಳಿ ಕಿಡಿ ಉಗುಳ್ತೈತೆ ಕಣ್ರಮ್ಮ. ನಮ್ ಹಟ್ಟೀಲಿ ಕೂಸಿಗೂ ಗೊತ್ತು. ಇಷ್ಟೆಲ್ಲ ಓದೀರಿ, ನಿಮಗೆ ಗೊತ್ತಿಲ್ವಾ?"

ಸಿಸ್ಟರ್ ಹೇಳಿದ ರಬ್ಬರ್ ಚಪ್ಪಲಿಯೇ ಆ ಕಿಡಿಯನ್ನು ನೆಲಕ್ಕಿಳಿಯಲು ಬಿಡದೆ ನನ್ನ ಮೈಯಲ್ಲಿ ಕೂಡಿಟ್ಟಿತ್ತು! ಆದರೂ ಗೆದ್ದವಳು ನಾನು ತಾನೆ?

"ನೋಡಿದಿರಾ ಅತ್ತೆ! ಮಾವನವರಲ್ಲ, ಎಲ್ಲ ಈ ಕಂಬಳಿಯ ಕೆಲಸ!"

ಅತ್ತೆ ಕಂಬಳಿಯ ಅಂಚನ್ನು ಹೆಬ್ಬೆರಳಿಂದ ಸವರಿದರು.

"ಕಂಬ್ಳಿ ಯಾರ್ದು?"

ನಾನು ಎಣ್ಣೆಯ ಕಲೆಯತ್ತ ತಿರುಗಿದೆ.

"ಕೊನೇ ಚಳಿಗಾಲ ಅವ್ರು ಹೊದ್ದಿದ್ದು ಇದನ್ನೇ. ಮತ್ತೆ ನಾನೇನಂದೆ?" ಎಂದು ಬ್ಯಾಗಿನಿಂದ ಸೀರೆಗಳನ್ನು ಹೊರತೆಗೆಯತೊಡಗಿದರು. "ಇದನ್ನ ನನ್ ಹಾಸಿಗೆ ಮ್ಯಾಲೆ ಹಾಕು. ನನಗೇನೂ ಮಾಡಲ್ಲ ಅವ್ರು. ಅಟ್ಟದಿಂದ ರೇಡಿಯೋನೂ ಇಳ್ಸು."

ಇಳಿಸಿದೆ. ಫ್ಯೂಸ್ ಹಾಕಿ, ರೇಡಿಯೋ ಸಿಕ್ಕಿಸಿ, ಸ್ವಿಚ್ ಒತ್ತಿದೆ. ಢಬ್! ಹೊಗೆ ಎದ್ದು ಎಣ್ಣೆಯ ಕಲೆಯ ಮೇಲೆ ಕಪ್ಪಗೆ ಕೂತಿತು. ನಾನು ಬಿಚ್ಚುವವರೆಗೆ ಒಂದು ದೋಷವೂ ಇಲ್ಲದಿದ್ದ ಪ್ಲಗ್ ಪಾಯಿಂಟ್ ಈಗ ನಿಜವಾಗಿ ಕೆಟ್ಟಿತ್ತು.

ಭಾನುವಾರ ವೈರಿಂಗಿನವನು ಬಂದು ಮುಚ್ಚಳ ತೆಗೆದು ಹಣೆ ಚಚ್ಚಿಕೊಂಡ. "ಯಾರ್ರೀ ಇದನ್ನ ಬಿಚ್ಚಿದ್ದು? ಚೆನ್ನಾಗಿರೋ ಪಾಯಿಂಟು!"

ಅತ್ತೆ ನನ್ನತ್ತ ನೋಡಲೇ ಇಲ್ಲ. ಗೋಡೆಯ ಕಲೆಯತ್ತ ಗದ್ದ ತೋರಿ, "ನಮ್ಮನೆಯವ್ರು" ಎಂದರು.

"ಒಂದು ತಿರುಪೂ ಇಲ್ಲವಲ್ಲ ಅಜ್ಜಿ!"

ನಾನು ಒಳಗೆ ಹೋಗಿ, ಬಹುಮಾನದ ಸೋಪಿನ ಡಬ್ಬಿಯಲ್ಲಿ ಬಚ್ಚಿಟ್ಟಿದ್ದ ತಿರುಪನ್ನು ತಂದು ತೆಪ್ಪಗೆ ಅವನ ಅಂಗೈಗೆ ಹಾಕಿದೆ. ಚಪ್ಪಲಿ ಬಿಟ್ಟೇ ಹಾಕಿದೆ!