ಹಟ್ಟಿಕೇರಿಯ ನೀಲಿ ಬರಹ

ಅರ್ಧ ಡಬ್ಬಿ ನೀಲಿ ಬಣ್ಣ ಮಿಗದೇ ಇದ್ದಿದ್ದರೆ ಪುಂಡಲೀಕನಿಗೆ ಆ ದಿನ ಏನೂ ಆಗುತ್ತಿರಲಿಲ್ಲ.

ಎರಡು ಸಾವಿರದ ಒಂಬತ್ತನೆಯ ಇಸವಿ. ಹೆದ್ದಾರಿ ಇನ್ನೂ ಅಗಲವಾಗಿರಲಿಲ್ಲ. ಹಟ್ಟಿಕೇರಿಯ ಬಸ್ ತಂಗುದಾಣಕ್ಕೆ ಮೂರು ಗೋಡೆ, ಮೇಲೊಂದು ಸೋರುವ ಸೂರು. ಆ ಗೋಡೆಗಳ ಮೇಲಿದ್ದದ್ದೆಲ್ಲ ಪೇಂಟರ್ ಪುಂಡಲೀಕನದೇ ಕೈಬರಹ. ಬಲಕ್ಕೆ 'ದೇವರನ್ನು ನಂಬಿ ಕೆಟ್ಟವರಿಲ್ಲ'. ಎಡಕ್ಕೆ ಸದಾಶಿವಗಡದ ಜ್ಯೋತಿಷಿಯ 'ಇಪ್ಪತ್ನಾಲ್ಕು ತಾಸಿನಲ್ಲಿ ಸರ್ವ ಸಮಸ್ಯೆ ಪರಿಹಾರ'. ನಡುಗೋಡೆಯಲ್ಲಿ ಊರ ಅಮ್ಮನವರ ವರ್ಧಂತಿಗೆ ಕರೆ. ಅದರ ಪಕ್ಕ ಒಂದು ಚಾಪೆಯಷ್ಟು ಜಾಗ ಖಾಲಿ.

ಮೂವತ್ತು ವರ್ಷ ದೇವರ ಬೋರ್ಡು ಬರೆದೂ ಬರೆದೂ, ಮಿಠಾಯಿ ಅಂಗಡಿಯವನಿಗೆ ಸಿಹಿ ಬೇಡವಾದ ಹಾಗೆ, ಪುಂಡಲೀಕನಿಗೆ ದೇವರ ಮೇಲೆ ನಂಬಿಕೆ ಹೋಗಿತ್ತು. ಪರದೇಶದಲ್ಲೆಲ್ಲೋ ಬಸ್ಸಿನ ಮೈಮೇಲೆಯೇ ದೇವರಿಲ್ಲ ಎಂದು ಬರೆಸಿ ಓಡಿಸುತ್ತಿದ್ದಾರೆಂದು ಕ್ಷೌರದಂಗಡಿಯ ಪೇಪರಿನಲ್ಲಿ ಓದಿದ್ದ. ಬಸ್ಸು ನಮ್ಮದಲ್ಲ, ತಂಗುದಾಣವಾದರೂ ನಮ್ಮದಲ್ಲವೇ ಎಂದುಕೊಂಡು ಬೆಳಗಾಗುತ್ತಲೇ ಬಂದು ಬರೆದ:

'ದೇವರಿಲ್ಲ. ಇದ್ದರೆ ಬಂದು ಹೇಳಲಿ. ಅಲ್ಲಿಯವರೆಗೆ ಚಿಂತೆ ಬಿಟ್ಟು ಬಸ್ಸು ಕಾಯಿರಿ.'

ಮೊದಲು ಬಂದವಳು ಮೀನು ಮಾರುವ ದುರ್ಗಿ. ಬುಟ್ಟಿ ಇಳಿಸಿ, ರೂಢಿಯಂತೆ ಗೋಡೆ ಮುಟ್ಟಿ ಕಣ್ಣಿಗೊತ್ತಿಕೊಂಡಳು. ಬೆರಳೆಲ್ಲ ನೀಲಿ.

"ಪುಂಡಲೀಕಣ್ಣ, ಇದು ಯಾವ ದೇವ್ರದ್ರಾ?"

"ಯಾವ ದೇವ್ರದೂ ಅಲ್ವೇ. ದೇವ್ರೇ ಇಲ್ಲ ಅಂತ ಬರ್ದಿದ್ದೆ."

"ಅಯ್ಯಯ್ಯೋ! ದೇವ್ರಿದ್ದೇ ಏಳೂವರೆ ಬಸ್ಸು ಎಂಟಕ್ಕೆ ಬತ್ತದೆ. ಇಲ್ದೆ ಹೋದ್ರೆ ನನ್ನ ಬಂಗಡೆ ಮೀನು ಇಲ್ಲೇ ನಾತ ಬರೂದೇ ಸೈ!"

ಅವಳ ಬಾಯಿ ಮುಚ್ಚುವ ಮೊದಲೇ ಕಾರವಾರದ ಬಸ್ಸು ಬಂತು. ಬಂದದ್ದು ನಿಲ್ಲದೆ ಹೋಯಿತು. ದುರ್ಗಿ ಎಬ್ಬಿಸಿದ ಬೊಬ್ಬೆಗೆ ಎದುರಿನ ಚಾದಂಗಡಿಯಿಂದ ತುಳಸಿದಾಸ ಬಂದ. ದೇವಸ್ಥಾನ ಕಮಿಟಿಯ ಅಧ್ಯಕ್ಷನೂ ಅವನೇ. ಓದಿದ. ಅವನ ಮೋರೆ ಬಿಸಿ ಹೆಂಚಿನ ಮೇಲೆ ಮರೆತ ದೋಸೆಯಂತಾಯಿತು.

"ಒರ್ಸು ಅದನ್ನ!"

"ಎಂತಕೆ?"

"ಊರ ಗೋಡೆ ಅದು!"

"ನಾ ಊರಂವ ಅಲ್ವಾ? ಆ ಜ್ಯೋತಿಷಿ ಸದಾಶಿವಗಡದಂವ. ಅಂವಗೆ ಜಾಗ ಅದೆ, ಹಟ್ಟಿಕೇರಿಯಂವಗೆ ಇಲ್ಲ?"

ಕಾರವಾರದ ಕಚೇರಿಗೆ ಹೊರಟಿದ್ದ ಪ್ರಗತಿ ನಡುವೆ ಬಾಯಿ ಹಾಕಿದಳು. "ಕಾಕಾ ಹೇಳೂದು ಖರೆ. ದೇವ್ರು ಇದ್ದ ಅನ್ನೂಕೆ ಗೋಡೆ ಅದೆ ಅಂದ್ರೆ, ಇಲ್ಲ ಅನ್ನೂಕೂ ಬೇಕಲ್ಲ?"

"ಜನಕ್ಕೆ ಬೇಜಾರಾಗ್ತದೆ ತಂಗೀ!" ಎಂದ ತುಳಸಿದಾಸ.

"ನಂಗೆ ಮೂವತ್ತು ವರ್ಷದಿಂದ ಬೇಜಾರು," ಎಂದ ಪುಂಡಲೀಕ. ದನಿ ತಗ್ಗಿತ್ತು. "ಈ ಕೈಯಿಂದ ಎಲ್ಲರ ಮಾತೂ ಬರ್ದೆ. ನನ್ನ ಮಾತು ಅಂತ ಇದೊಂದೇ. ಇದೊಂದು ಇರ್ಲಿ."

ಅಷ್ಟರಲ್ಲಿ ಸುದ್ದಿ ಕೇಳಿ ಓಡಿಬಂದ ಹೆಂಡತಿ ಗೋದಾವರಿ, "ಮನೆ ಗೋಡೆಗೆ ಸುಣ್ಣ ಹೊಡೀರಿ ಅಂದ್ರೆ ಇವ್ರಿಗೆ ಪುರಸೊತ್ತಿಲ್ಲ, ಊರ ಗೋಡೆಗೆ ಅದೆ!" ಎಂದಳು.

ತುಳಸಿದಾಸನಿಗೆ ದಾರಿ ಹೊಳೆಯಿತು. "ಇದ್ರೆ ಬಂದು ಹೇಳಲಿ ಅಂತ ನೀನೇ ಬರ್ದಿದ್ದೆಯಲ್ಲ? ನಡಿ, ಪ್ರಸಾದ ಕೇಳುವಾ."

ಮದುವೆಯಿರಲಿ, ಬಾವಿ ತೋಡುವುದಿರಲಿ, ಆ ಸೀಮೆಯಲ್ಲಿ ಅಮ್ಮನವರ ಪ್ರಸಾದ ಕೇಳದೆ ಮಾಡುವವರಿಲ್ಲ. ನೀರಲ್ಲಿ ಅದ್ದಿದ ಹೂವನ್ನು ಮೂರ್ತಿಯ ಎರಡೂ ಕಡೆ ಅಂಟಿಸುತ್ತಾರೆ. ಬಲದ್ದು ಮೊದಲು ಬಿದ್ದರೆ ಒಪ್ಪಿಗೆ, ಎಡದ್ದು ಬಿದ್ದರೆ ಇಲ್ಲ. ಒಣಗಿದ ಮೇಲೆ ಯಾವುದಾದರೊಂದು ಕಡೆಯ ಹೂ ಮೊದಲು ಬೀಳಲೇಬೇಕು, ಅರ್ಧಕ್ಕರ್ಧ ಆಸೆಯಿದೆ ಎಂದು ಪುಂಡಲೀಕ ಲೆಕ್ಕ ಹಾಕಿ ಒಪ್ಪಿದ.

ಅಮ್ಮನವರ ಪೂಜೆ ಮಾಡುವ ಗುನಗ ಬೀರಾ ಹೂ ಅಂಟಿಸಿ ಕೂಗಿದ. "ಬೋರ್ಡು ಇರ್ಲಿ ಅಂದ್ರೆ ಬಲ ಕೊಡು, ಅಳಿಸ್ಲಿ ಅಂದ್ರೆ ಎಡ ಕೊಡು ತಾಯೀ!"

ಕಾಲು ತಾಸು ಕಳೆಯಿತು. ದುರ್ಗಿಯ ಬುಟ್ಟಿ ದೇವಸ್ಥಾನದ ಹೊರಗೆ ನೊಣ ಕರೆಯತೊಡಗಿತು. ಎಡದ ಹೂ ಮೆಲ್ಲಗೆ ವಾಲಿತು. ತುಳಸಿದಾಸನ ಮೀಸೆ ಅರಳಿತು. ಪುಂಡಲೀಕನಿಗೇ ತಿಳಿಯದಂತೆ ಅವನ ಎರಡೂ ಕೈ ಕೂಡಿಕೊಂಡಿದ್ದವು. "ಬಲ... ಬಲ ಕೊಡೇ..." ಎಂದು ತುಟಿ ಅಲುಗುತ್ತಿತ್ತು. ಗೋದಾವರಿ ನೋಡಿದಳು.

ಬಲದ ಹೂ ತಪ್ಪನೆ ಬಿತ್ತು.

"ಗೆದ್ದೆ!" ಎಂದು ಹಾರಿದ ಪುಂಡಲೀಕ, ಇಳಿಯುವಾಗ ಹಿಡಿದುಕೊಂಡದ್ದು ಘಂಟೆಯ ಹಗ್ಗ. ಢಣ್ ಎಂದ ಸದ್ದು ಹೆದ್ದಾರಿಯವರೆಗೆ ಕೇಳಿಸಿತು. ತುಳಸಿದಾಸನೇ ಬಂದು ಅಪ್ಪಿಕೊಂಡ. "ಅಮ್ಮ ಹೇಳಿದ ಮೇಲೆ ಮುಗೀತು ಮಾರಾಯಾ. ನಿನ್ನ ಬೋರ್ಡು ಮುಟ್ಟೂಕೆ ಯಾವ ಮಗ ಬತ್ತ ನೋಡುವಾ!" ಊರು ಅವನನ್ನು ಹೆಗಲ ಮೇಲೆ ಹೊತ್ತು ಮನೆಗೆ ಬಿಟ್ಟಿತು. ಮೂವತ್ತು ವರ್ಷದಲ್ಲಿ ಅಂಥ ಊಟ, ಅಂಥ ನಿದ್ದೆ ಅವನು ಕಂಡಿರಲಿಲ್ಲ.

ಸಂಜೆ ಎದ್ದು, ದುರ್ಗಿಯ ಬೆರಳು ತಾಗಿ ಕೆಟ್ಟ ಒಂದಕ್ಷರ ತಿದ್ದೋಣವೆಂದು ಕುಂಚ ಹಿಡಿದು ತಂಗುದಾಣಕ್ಕೆ ಬಂದ. ಜನವೋ ಜನ. ನೀಲಿ ಬರಹಕ್ಕೆ ಅಬ್ಬಲಿಗೆ ಮಾಲೆ. ಕೆಳಗೆ ದೀಪ, ಒಡೆದ ಕಾಯಿ. 'ದೇವರಿಲ್ಲ' ಎಂಬುದರ ಮೇಲೆ ಸರಿಯಾಗಿ ನಡುವೆ ಕುಂಕುಮ.

"ಇದೆಂತದು?"

"ಇದ್ರೆ ಬಂದು ಹೇಳಲಿ ಅಂದೆ. ಅಮ್ಮ ಬಂದು ಹೇಳಿದಳಲ್ಲ!" ಎಂದ ತುಳಸಿದಾಸ. "ಇಂಥ ಸಾಕ್ಷಿ ಬೇರೆ ಯಾವ ಊರಲ್ಲಿ ಅದೆ? ವರ್ಷಕ್ಕೊಮ್ಮೆ ನೀನೇ ಬಣ್ಣ ಹಚ್ಚಬೇಕು, ಉಪಾಸ ಇದ್ದು. ಕಮಿಟಿ ಠರಾವು ಆಯ್ತು."

"ನನ್ನ ಬಂಗಡೆ ಒಂದೂ ಉಳೀದೆ ಮಾರಿಹೋಯ್ತು ಪುಂಡಲೀಕಣ್ಣ!" ಎಂದು ದುರ್ಗಿ ಗೋಡೆಗೆ ಅಡ್ಡಬಿದ್ದಳು.

"ಇದನ್ನ ಈಗಲೇ ಅಳಿಸ್ತೆ!"

"ಅಳಿಸೂಕೆ ಮತ್ತೆ ಪ್ರಸಾದ ಕೇಳ್ಬೇಕಾಗ್ತದೆ," ಎಂದ ಬೀರಾ ಸಮಾಧಾನದಿಂದ.

ಪುಂಡಲೀಕ ಗೋಡೆ ನೋಡಿದ. ಅವನ ಸ್ವಂತದ ಒಂದೇ ಒಂದು ಮಾತು. ಒಂದಕ್ಷರ ಬೆರಳು ತಾಗಿ ಕೆಟ್ಟಿತ್ತು. ಅದನ್ನು ಹಾಗೇ ಬಿಟ್ಟುಹೋಗಲು ಕೈ ಬರಲಿಲ್ಲ. ಕುಂಚ ಅದ್ದಿ ಒಂದು ಹೆಜ್ಜೆ ಮುಂದಿಟ್ಟ.

"ಹೋಯ್," ಎಂದಳು ಹಿಂದಿನಿಂದ ಗೋದಾವರಿ, "ಚಪ್ಪಲಿ!"

ಪುಂಡಲೀಕ ಚಪ್ಪಲಿ ಬಿಟ್ಟ.