ಗೋಡೆಯಾಚೆಯ ಚಪ್ಪಾಳೆ

ಹೆಂಡತಿ ಅಕ್ಕನ ಮನೆಗೆ ಹೊರಟು ನಿಂತಾಗ ಮುಖ ಸಪ್ಪಗೆ ಮಾಡಿಕೊಳ್ಳಬೇಕು ಎಂಬುದು ಗುನುಗಪ್ಪನಿಗೆ ಗೊತ್ತಿತ್ತು. ಮಾಡಿಕೊಂಡ. ಆದರೆ ಅವನ ಬಲಗಾಲು ಆಗಲೇ ತಾಳ ಹಾಕುತ್ತಿತ್ತು.

"ಸಾಯಂಕಾಲ ಬಂದ್ಬಿಡ್ತೀನಿ," ಎಂದಳು ಅವಳು, ಚೀಲ ಹೆಗಲಿಗೇರಿಸುತ್ತ. "ಅಷ್ಟರೊಳಗೆ ಆ ಹಾಡಿನ ತಟ್ಟೇನ ಎಷ್ಟು ಬೇಕೋ ಅಷ್ಟು ತಿರುಗಿಸ್ಕೊಳ್ಳಿ. ನಾನಿಲ್ಲದಾಗಲಾದ್ರೂ ಪೂರ್ತಿ ಮುಗೀಲಿ."

ಗುನುಗಪ್ಪ ಅವನ ನಿಜವಾದ ಹೆಸರಲ್ಲ. ಕನ್ನಡಕದ ಅಂಗಡಿಯಲ್ಲಿ ಗಾಜು ಉಜ್ಜುವ ಯಂತ್ರದ ಮುಂದೆ ಕೂತು ದಿನವಿಡೀ ಗುನುಗುತ್ತಿದ್ದುದರಿಂದ ಜೊತೆಯವರು ಇಟ್ಟದ್ದು. ಗುನುಗುತ್ತಿದ್ದುದೂ ಒಂದೇ ಆಲ್ಬಂ. ಒಬ್ಬ ರಾಕ್ ಗಾಯಕ ತನ್ನ ತಂಡದ ಜೊತೆ ಜಗಳವಾಡಿ ಹೊರಬಂದ ವರ್ಷ, ಕೋಣೆಯೊಂದರಲ್ಲಿ ಗಿಟಾರ್ ಹಿಡಿದು ಒಬ್ಬನೇ ಕೂತು ಹಾಡಿದ ಹಳೆಯ ರೆಕಾರ್ಡು ಅದು. ತಂಡದಲ್ಲಿದ್ದಾಗ ಕಿಟಕಿಯ ಗಾಜು ಅದುರುವಂತೆ ಕಿರುಚುತ್ತಿದ್ದವನು, ಇದರಲ್ಲಿ ಪಕ್ಕ ಕೂತವರ ಹತ್ತಿರ ಕಷ್ಟ ಹೇಳಿಕೊಳ್ಳುವ ಹಾಗೆ ಹಾಡಿದ್ದ. ಆಗ ಅದನ್ನು ಕೊಂಡವರೇ ಕಡಿಮೆ. ಗುನುಗಪ್ಪ ಕೊಂಡ. ಅಂದಿನಿಂದ ಅದನ್ನು ಮೆಚ್ಚುವ ಇನ್ನೊಂದೇ ಒಂದು ಜೀವಕ್ಕಾಗಿ, ಮಗಳಿಗೆ ಗಂಡು ಹುಡುಕುವ ತಂದೆಯಂತೆ ಅಲೆಯುತ್ತಲೇ ಇದ್ದ.

ಸಿಕ್ಕಿರಲಿಲ್ಲ. ಅದು ಕೇಳುವವರ ತಪ್ಪೂ ಅಲ್ಲ. ಹಾಡು ಶುರುವಾಯಿತೋ ಇಲ್ಲವೋ ಇವನು ಬೆರಳೆತ್ತುತ್ತಿದ್ದ. "ಇಲ್ಲಿ ಉಸಿರು ಎಳ್ಕೊಳ್ತಾನೆ ನೋಡಿ. ಈಗ ಅವನ ಕುರ್ಚಿ ಕಿರ್ ಅನ್ನುತ್ತೆ... ಅನ್ನುತ್ತೆ... ಅಂತು. ಕೇಳಿಸ್ತಾ?" ಅವನ ಮಾತಿನ ಸಂತೆಯಲ್ಲಿ ಪಾಪ, ಕುರ್ಚಿಯ ಸದ್ದು ಯಾರಿಗೆ ಕೇಳಿಸಬೇಕು?

ಹೆಂಡತಿಯ ಚಪ್ಪಲಿಯ ಸದ್ದು ಮೆಟ್ಟಿಲಿಳಿದು ಹೋದ ಮೇಲೆ ಅವನು ಪರದೆ ಎಳೆದು ರೆಕಾರ್ಡಿನ ಮೇಲೆ ಮುಳ್ಳಿಟ್ಟ. ಮೊದಲ ಹಾಡು ಮುಗಿಯಿತು. ಮುಂದಿನದು ಶುರುವಾಗುವ ಮೊದಲು ರೆಕಾರ್ಡು ಸರಸರ ತಿರುಗುತ್ತಿದ್ದಾಗ, ಗೋಡೆಯ ಆಚೆಯಿಂದ ಯಾರೋ ಚಪ್ಪಾಳೆ ತಟ್ಟಿದರು. ಜೋರಾಗಿಯಲ್ಲ. ಒಣಗಿದ ಕೈಗಳ ಚಪ್ಪಾಳೆ. ಹಳೆಯ ಪುಸ್ತಕಗಳನ್ನು ಒಂದಕ್ಕೊಂದು ತಟ್ಟಿ ಧೂಳು ಕೊಡವಿದ ಹಾಗೆ.

ಗುನುಗಪ್ಪನ ಕಣ್ಣು ತುಂಬಿ ಬಂತು. ಕೊನೆಗೂ ಒಬ್ಬರು. ಗೋಡೆಗೆ ಕೈಮುಗಿದು "ಬಹಳ ಥ್ಯಾಂಕ್ಸ್" ಎಂದ. ಅಂದ ಮೇಲೆ ನೆನಪಾಯಿತು, ಆಚೆಯ ಮನೆ ಹೋದ ವರ್ಷದಿಂದ ಖಾಲಿ ಬಿದ್ದಿದೆ. ಅಲ್ಲಿದ್ದವರು ಒಬ್ಬ ಲೈಬ್ರೇರಿಯನ್. ಜೀವಮಾನವಿಡೀ ತುಟಿಯ ಮೇಲೆ ಬೆರಳಿಟ್ಟು ಬೇರೆಯವರನ್ನು ಸುಮ್ಮನಾಗಿಸಿ, ತಾವೂ ಯಾರೊಡನೆಯೂ ಮಾತಿಲ್ಲದೆ ಬದುಕಿ, ಅದೇ ಮನೆಯಲ್ಲಿ ಸದ್ದಿಲ್ಲದೆ ತೀರಿಕೊಂಡಿದ್ದರು.

ಬಾಗಿಲು ಬಡಿದ ಸದ್ದಿಗೆ ಅವನು ಒಂದು ಗೇಣು ಮೇಲೆ ಹಾರಿದ. ಬಂದವರು ಕೆಳಮನೆಯ ನಿವೃತ್ತ ಪೋಸ್ಟ್‌ಮಾಸ್ಟರು.

"ಯಾರಯ್ಯ ಬಂದಿರೋದು? ಚಪ್ಪಾಳೆ ಕೇಳಿಸ್ತು."

"ಯಾರೂ ಇಲ್ಲ ಸಾರ್."

"ಹೆಂಡತಿ ಆಚೆ ಕಾಲಿಟ್ಟ ಕೂಡಲೆ ಯಾರೂ ಇಲ್ಲವಂತೆ," ಎನ್ನುತ್ತ ಅವರು ಮಂಚದ ಕೆಳಗೆ ಬಗ್ಗಿ ನೋಡಿದರು.

"ಸಾರ್, ಚಪ್ಪಾಳೆ ಬಂದಿದ್ದು ಅಲ್ಲಿಂದ." ಗುನುಗಪ್ಪ ಗೋಡೆ ತೋರಿಸಿದ.

ಪೋಸ್ಟ್‌ಮಾಸ್ಟರು ಬಗ್ಗಿದಲ್ಲೇ ಉಳಿದರು. ಹಿಡಿದುಕೊಂಡದ್ದು ಬೆನ್ನೋ ಭಯವೋ ಹೇಳುವುದು ಕಷ್ಟ.

ಸುದ್ದಿಗೆ ಮೆಟ್ಟಿಲು ಹತ್ತಲು ಕಾಲು ಬೇಕಿಲ್ಲ. ಮೇಲ್ಮನೆಯ ಟೀಚರಮ್ಮ ಫ್ಲಾಸ್ಕಿನಲ್ಲಿ ಟೀ ಹಿಡಿದು ಇಳಿದು ಬಂದರು. ಹೆದರಿದವರಿಗೆ ಮೊದಲು ಬಿಸಿಯಾದದ್ದೇನಾದರೂ ಕುಡಿಸಬೇಕು, ಪ್ರಶ್ನೆ ಆಮೇಲೆ ಎಂಬುದು ಅವರ ಪದ್ಧತಿ. ಹಿಂದೆಯೇ ಕಟ್ಟಡದ ಸೆಕ್ರೆಟರಿ ಬೀಗದ ಕೈಗೊಂಚಲು ಗಲಗಲಿಸುತ್ತ ಬಂದರು.

"ಇಲಿ," ಎಂದರು ಸೆಕ್ರೆಟರಿ.

"ಚಪ್ಪಾಳೆ ತಟ್ಟೋ ಇಲಿನಾ?" ಎಂದರು ಟೀಚರಮ್ಮ.

"ಹಾಗಾದ್ರೆ ನೀರಿನ ಪೈಪು."

"ಹಾಡು ಮುಗಿಯೋವರೆಗೂ ಕಾದು ಆಮೇಲೆ ತಟ್ಟೋ ಪೈಪನ್ನ ನಾನಂತೂ ನೋಡಿಲ್ಲ. ಬಾಗಿಲು ತೆಗೀರಿ."

ತೆಗೆದರು. ಮುಚ್ಚಿದ ಮನೆಯ ತಣ್ಣನೆಯ ಗಾಳಿ ಮುಖಕ್ಕೆ ತಾಗಿತು. ಕಪಾಟು, ಮೇಜು, ಕಿಟಕಿಯ ಹಲಗೆ, ಎಲ್ಲದರ ಮೇಲೂ ಬೆರಳಿನಿಂದ ಹೆಸರು ಬರೆಯುವಷ್ಟು ಧೂಳು. ಒಂದು ಕುರ್ಚಿ ಮಾತ್ರ, ಕೂತವರ ಮೊಣಕಾಲು ತಾಗುವಷ್ಟು ಹತ್ತಿರದಲ್ಲಿ, ಗುನುಗಪ್ಪನ ಮನೆಯ ಗೋಡೆಗೆ ಮುಖ ಮಾಡಿ ನಿಂತಿತ್ತು. ಅದರ ಮೇಲೆ ಧೂಳಿರಲಿಲ್ಲ. ಟೀಚರಮ್ಮ ಅದರ ಮೇಲೆ ಅಂಗೈಯಿಟ್ಟು, ಮೆಲ್ಲನೆ ಹಿಂದೆ ತೆಗೆದುಕೊಂಡರು.

"ಬೆಚ್ಚಗಿದೆ," ಎಂದರು.

ಇಲಿಯ ಮೇಲೆ ಸೆಕ್ರೆಟರಿಗೆ ಉಳಿದಿದ್ದ ನಂಬಿಕೆ ಅಲ್ಲಿಗೆ ಮುಗಿಯಿತು. "ನೋಡಿ ಸ್ವಾಮಿ, ನಮ್ಮೆಲ್ಲರ ಎದುರಿಗೆ ಇನ್ನೊಂದು ಸಲ ಹಾಕಿ. ಮತ್ತೆ ಸದ್ದು ಬಂದರೆ ಆ ತಟ್ಟೆ ಈ ಕಟ್ಟಡದಲ್ಲಿರಬಾರದು."

ಮೂವರೂ ಗುನುಗಪ್ಪನ ಮಂಚದ ಮೇಲೆ ಸಾಲಾಗಿ, ಹಲ್ಲು ಕೀಳಿಸಿಕೊಳ್ಳಲು ಬಂದವರಂತೆ ಕೂತರು. ಅವನು ಮೂರನೆಯ ಹಾಡಿಗೆ ಮುಳ್ಳಿಟ್ಟ. ಇಷ್ಟು ಜನ ಕೇಳುಗರು ಅವನಿಗೆ ಹಿಂದೆಂದೂ ಒಟ್ಟಿಗೆ ಸಿಕ್ಕಿರಲಿಲ್ಲ. ಬೆರಳು ತಾನಾಗಿ ಮೇಲೆದ್ದಿತು.

"ಇಲ್ಲಿ ಉಸಿರು ನೋಡಿ. ತಂಡ ಬಿಟ್ಟ ದುಃಖ ಎಲ್ಲ ಆ ಉಸಿರಲ್ಲೇ ಇದೆ. ಈಗ ಕುರ್ಚಿ ಕಿರ್ ಅನ್ನುತ್ತೆ."

ಕುರ್ಚಿ ಕಿರ್ ಎಂದಿತು.

"ಕೇಳಿಸ್ತಾ?"

"ಕೇಳಿಸ್ತು ಅಣ್ಣ," ಎಂದರು ಟೀಚರಮ್ಮ ತಗ್ಗಿದ ದನಿಯಲ್ಲಿ. "ಆದ್ರೆ ಅದು ರೆಕಾರ್ಡಿಂದ ಬರಲಿಲ್ಲ."

ಹಾಡಿನ ಮಧ್ಯದಲ್ಲೇ ಗೋಡೆಯಾಚೆಯಿಂದ ಪಟಪಟನೆ ಚಪ್ಪಾಳೆ ಸಿಡಿಯಿತು. ಸೆಕ್ರೆಟರಿ ಮೊದಲು ಬಾಗಿಲು ಮುಟ್ಟಿದರು. "ನಾಳೆ ಬೆಳಿಗ್ಗೆ ಅದನ್ನ ನನ್ನ ಕೈಗೆ ಕೊಡಿ. ಎಲ್ಲಾದ್ರೂ ದೂರ ಬಿಟ್ಟು ಬರ್ತೀನಿ," ಎಂದು ಬೆಕ್ಕಿನ ಮರಿಯ ವಿಷಯ ಹೇಳಿದಂತೆ ಹೇಳಿ ಇಳಿದುಹೋದರು. ಪೋಸ್ಟ್‌ಮಾಸ್ಟರು ಒಂದು ಕಾಲಿಗೆ ತಮ್ಮ ಚಪ್ಪಲಿ, ಇನ್ನೊಂದಕ್ಕೆ ಗುನುಗಪ್ಪನದು ಮೆಟ್ಟಿಕೊಂಡು ಓಡಿದವರು, ಮೂರು ಮೆಟ್ಟಿಲು ಮತ್ತೆ ಹತ್ತಿ ಬಂದು, "ಒಬ್ಬನೇ ಇರಬೇಡ ಕಣಯ್ಯ, ನಮ್ಮನೇಲಿ ಜಾಗ ಇದೆ," ಎಂದು ಹೇಳಿ ಹೋದರು. ಟೀಚರಮ್ಮ ಫ್ಲಾಸ್ಕನ್ನು ಅಲ್ಲೇ ಬಿಟ್ಟರು.

ಗುನುಗಪ್ಪ ಹೋಗಲಿಲ್ಲ. ಹೊರಗೆ ಬೆಳಕು ಕಂದುತ್ತಿತ್ತು. ನಾಳೆ ರೆಕಾರ್ಡು ಇರುವುದಿಲ್ಲ. ಎರಡನೆಯ ಮಗ್ಗುಲು ಕೇಳುವುದಕ್ಕೆ ಉಳಿದದ್ದು ಈ ಸಂಜೆ ಒಂದೇ. ಅದೂ ಅಲ್ಲದೆ, ಇಷ್ಟು ವರ್ಷಕ್ಕೆ ಸಿಕ್ಕ ಒಬ್ಬ ಅಭಿಮಾನಿಯನ್ನು, ಸತ್ತಿದ್ದಾರೆ ಎಂಬ ಒಂದು ಸಣ್ಣ ಕೊರತೆಗಾಗಿ ಬಿಟ್ಟುಕೊಡುವುದೇ? ಅವನು ಎರಡು ಲೋಟಗಳಿಗೆ ಟೀ ಬಗ್ಗಿಸಿ, ಒಂದನ್ನು ಗೋಡೆಯ ಬಳಿ ಇಟ್ಟು ಕರೆದ.

"ಆಚೆ ಕೂತು ಯಾಕೆ ಕೇಳ್ತೀರಿ ಸಾರ್? ಒಳಗೆ ಬನ್ನಿ."

ಕೋಣೆ ಥಟ್ಟನೆ ತಣ್ಣಗಾಯಿತು. ಗೋಡೆಯ ಬಳಿಯ ಲೋಟದ ಹಬೆ ನಿಂತಿತು. ಮಂಚದ ಎಡ ತುದಿ, ಯಾರೋ ಕೂತಂತೆ, ಕುಗ್ಗಿತು.

"ಹತ್ತು ವರ್ಷದಿಂದ ಕೇಳ್ತಿದ್ದೀನಿ," ಎಂದಿತು ಹಾಳೆ ಮಗುಚಿದಂಥ ಒಣ ದನಿ, ಅವನ ಎಡಗಿವಿಯ ಹತ್ತಿರ.

"ನಿಮಗೆ... ನಿಮಗೆ ಇಷ್ಟವಾ ಸಾರ್?"

"ಜೀವಕ್ಕಿಂತ ಹೆಚ್ಚು. ಅದಕ್ಕೇ ಜೀವ ಹೋದ್ರೂ ಇದನ್ನ ಬಿಟ್ಟು ಹೋಗೋಕಾಗಲಿಲ್ಲ."

ಗುನುಗಪ್ಪ ಭಯವನ್ನೂ ಮರೆತು ಬೀಗಿದ.

"ಆದ್ರೆ ನಿಮ್ಮ ವಿವರಣೆ ಇದೆಯಲ್ಲ, ಅದು ಪೂರಾ ತಪ್ಪು," ಎಂದಿತು ದನಿ. "ಸುಮ್ಮನಿರಿ ಅಂತಲೇ ಆಗ ಹಾಡಿನ ಮಧ್ಯೆ ತಟ್ಟಿದ್ದು. ಮುಳ್ಳಿಡಿ. ನಾನು ಹೇಳ್ತೀನಿ, ನೀವು ಕೇಳಿ."

ಹಾಡು ಶುರುವಾಯಿತು. ದನಿಯೂ ಶುರುವಾಯಿತು. ಒಂದು ಜನ್ಮವಿಡೀ ನುಂಗಿಕೊಂಡಿದ್ದ ಮಾತೆಲ್ಲ ಒಡ್ಡು ಒಡೆದಂತೆ ನುಗ್ಗಿತು. ಬಾಯಿ ತೆರೆಯಲು ಹೋದಾಗಲೆಲ್ಲ ತಣ್ಣನೆಯ ಬೆರಳೊಂದು ಗುನುಗಪ್ಪನ ತುಟಿಯ ಮೇಲೆ ಬಂದು ಕೂರುತ್ತಿತ್ತು.

ಹೆಂಡತಿ ಬಂದಾಗ ಅವನು ಕೈಕಟ್ಟಿ, ಬಾಯಿ ಮುಚ್ಚಿ ಕೂತಿದ್ದ. ಅವಳು ಹೊಸ್ತಿಲಲ್ಲೇ ನಿಂತು ಆ ಅದ್ಭುತವನ್ನು ನೋಡಿದಳು. ಬಳಿಕ ಚೀಲವನ್ನೂ ಇಳಿಸದೆ ಪಕ್ಕದಲ್ಲಿ ಕೂತು, ಕೊನೆಯ ಹಾಡು ಮುಗಿದು ಮುಳ್ಳು ಮೇಲೇಳುವವರೆಗೂ ಅಲುಗಲಿಲ್ಲ. ಸೆರಗಿನಿಂದ ಕಣ್ಣೊರೆಸಿಕೊಂಡಳು.

"ರೀ, ಇದು ಇಷ್ಟು ಚೆನ್ನಾಗಿದೆ ಅಂತ ನನಗೆ ಗೊತ್ತೇ ಇರ್ಲಿಲ್ಲ. ಪೋಸ್ಟ್‌ಮಾಸ್ಟರು ಮೆಟ್ಟಿಲಲ್ಲಿ ಏನೇನೋ ಹೇಳಿದ್ರು. ಸೆಕ್ರೆಟರಿ ಹತ್ರ ನಾನು ಮಾತಾಡ್ತೀನಿ, ಈ ತಟ್ಟೆ ಎಲ್ಲೂ ಹೋಗಲ್ಲ. ದಿನಾ ಕೇಳೋಣ." ಅವನ ಕೈಮೇಲೆ ಕೈಯಿಟ್ಟಳು. "ಕೊನೇಲಿ ಅವನು ಅಷ್ಟು ಮೆಲ್ಲಗೆ ಏನೋ ಹೇಳಿ ನಿಲ್ಲಿಸ್ತಾನಲ್ಲ, ಅದಂತೂ... ಅಲ್ವಾ?"

ಗುನುಗಪ್ಪನಿಗೆ ಅದು ಕೇಳಿಸಿರಲಿಲ್ಲ. ಅವನ ಎಡಗಿವಿಯಲ್ಲಿ ಆ ಒಣ ದನಿಯ ವಿವರಣೆ ಇನ್ನೂ ಮೊದಲ ಹಾಡಿನ ಎರಡನೇ ಸಾಲಿನಲ್ಲೇ ಇತ್ತು.